ನಿಂತಲ್ಲೇ ಕಾಯುವ ಗಾಡಿ

ಕಾರ್ತಿಕದ ಕೊನೆಯ ಸೋಮವಾರದ ಪರಿಷೆಗೆ ಇನ್ನೊಂದೇ ರಾತ್ರಿ ಬಾಕಿ. ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯಲ್ಲಿ ಕಡಲೆಕಾಯಿ ಆಗಲೇ ಫುಟ್‌ಪಾತ್ ದಾಟಿ ಡಾಂಬರಿಗೆ ಇಳಿದಿದೆ. ಹಸಿಯದು, ಹುರಿದದ್ದು, ಬೇಯಿಸಿದ್ದು ಬೇರೆ ಬೇರೆ ರಾಶಿ. ರಾಶಿಯ ನೆತ್ತಿಯ ಮೇಲೆ ಸೇರು, ಪಾವು. ದೊಡ್ಡ ಗಣಪತಿ, ದೊಡ್ಡ ಬಸವಣ್ಣನ ಗುಡಿಗಳ ಕಡೆ ದೀಪದ ಸರ. ಇತ್ತ ರಾಮಕೃಷ್ಣ ಆಶ್ರಮದ ವೃತ್ತದ ಹತ್ತಿರ, ಬ್ಯಾರಿಕೇಡ್ ಹಿಂದೆ, ಮಾಲು ಇಳಿಸಬೇಕಾದ ಗಾಡಿಗಳ ಸಾಲು. ಮಾಗಡಿ, ಕನಕಪುರ, ಚಿಂತಾಮಣಿ ಕಡೆಯಿಂದ ಗೋಣಿಚೀಲ ಹೇರಿಕೊಂಡು ಬಂದ ಪಿಕಪ್‌ಗಳು. ಹೆಚ್ಚಿನವು ಹಳೆಯ ಡೀಸೆಲ್ ಗಾಡಿಗಳೇ: ಟಾಟಾ 207, ಬೊಲೆರೊ ಪಿಕಪ್, ನಡುವೆ ಒಂದೆರಡು 407.

ಚಳಿ ಜೋರಾಗಿದೆ. ಚಾಲಕರು ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿದ್ದಾರೆ. ಹತ್ತು ನಿಮಿಷಕ್ಕೊಮ್ಮೆ ಸಾಲು ಒಂದು ಗಾಡಿಯಷ್ಟು ಮುಂದೆ ಸರಿಯುತ್ತದೆ, ಮತ್ತೆ ನಿಲ್ಲುತ್ತದೆ. ಯಾರೂ ಎಂಜಿನ್ ಆಫ್ ಮಾಡುವುದಿಲ್ಲ. ಕಡಲೆಕಾಯಿ ಹುರಿಯುವ ಮರಳಿನ ವಾಸನೆಗೂ ಡೀಸೆಲ್ ಹೊಗೆಗೂ ಜಗಳ ಬಿದ್ದು ಸದ್ಯಕ್ಕೆ ಹೊಗೆಯೇ ಗೆದ್ದಿದೆ. ಅಷ್ಟರಲ್ಲಿ ಸಾಲಿನ ಮಧ್ಯದ ಬಿಳಿಯ 207ರ ಬಾನೆಟ್ ಅಂಚಿನಿಂದ ಉಗಿ ಏಳುತ್ತದೆ. ಕ್ಲೀನರ್ ಹುಡುಗ ನೀರಿನ ಕ್ಯಾನ್ ಹಿಡಿದು ಓಡುತ್ತಾನೆ, ಬಾನೆಟ್ ಎತ್ತುತ್ತಾನೆ, ಹೆಗಲ ಟವೆಲ್ಲನ್ನು ಮಡಿಸಿ ರೇಡಿಯೇಟರ್ ಕ್ಯಾಪ್ ಮೇಲೆ ಕೈ ಇಡುತ್ತಾನೆ.

“ಏಯ್, ಕ್ಯಾಪ್ ಮುಟ್ಬೇಡ! ಮುಖ ಬೆಂದೋಗ್ತದೆ!”

ಕೂಗಿದ್ದು ಚಾಮರಾಜಪೇಟೆಯಿಂದ ಇನ್ನೊಂದು ಗಾಡಿಯ ರಿಪೇರಿಗೆ ಬಂದಿದ್ದ ಮೆಕ್ಯಾನಿಕ್, ಚಾಲಕರ ಬಾಯಲ್ಲಿ ‘ಭಾಯ್’. ವಯಸ್ಸು ಅರವತ್ತರ ಮೇಲಿರಬಹುದು. ಸ್ಕೂಟರಿನ ಮುಂದುಗಡೆ ಟೂಲ್ಸ್ ಚೀಲ. ಅವರ ಕೂಗಿಗೆ ಕಾರಣವಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಬಾಯಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಹೊತ್ತಿಗೇ ಕುದಿಯುತ್ತದೆ. ರೇಡಿಯೇಟರ್ ಕ್ಯಾಪ್ ಒಳಗೆ ಒತ್ತಡ ಹಿಡಿದಿಟ್ಟಿರುವುದರಿಂದ 110 ಡಿಗ್ರಿ ದಾಟಿದರೂ ನೀರು ನೀರಾಗಿಯೇ ಇರುತ್ತದೆ. ಕ್ಯಾಪ್ ತೆರೆದ ಕ್ಷಣ ಒತ್ತಡ ಬಿದ್ದು, ಅಷ್ಟೂ ನೀರು ಒಟ್ಟಿಗೆ ಕುದಿದು ಚಿಮ್ಮುತ್ತದೆ. ಅದೇ ಕ್ಯಾಪಿನ ರಬ್ಬರ್ ಹರಿದು ಒತ್ತಡ ನಿಲ್ಲದಿದ್ದರೆ, ಮಂಗಳೂರಿನಲ್ಲಿ ಹೇಗೋ ತಡೆದುಕೊಂಡ ಗಾಡಿ ಬೆಂಗಳೂರಿನಲ್ಲಿ ಮೂರು ಡಿಗ್ರಿ ಮೊದಲೇ ಉಕ್ಕುತ್ತದೆ. ಚಿಲ್ಲರೆ ಕಾಸಿನ ಸಾಮಾನು, ಹಾಗಾಗಿಯೇ ಅದನ್ನು ಯಾರೂ ಬದಲಿಸುವುದಿಲ್ಲ.

“ಆಫ್ ಮಾಡು ಮೊದ್ಲು,” ಎಂದರು ಭಾಯ್, ಚಾಲಕನಿಗೆ.

“ಆಫ್ ಮಾಡಿದ್ರೆ ಸೆಲ್ಫ್ ಎತ್ತಲ್ಲ ಭಾಯ್. ಬ್ಯಾಟರಿ ವೀಕು.”

ಸಾಲಿನಲ್ಲಿ ಅಷ್ಟೂ ಗಾಡಿಗಳು ಗುಡುಗುಡು ಎನ್ನುತ್ತ ನಿಂತದ್ದರ ಗುಟ್ಟು ಇಲ್ಲಿದೆ. ನಿಂತ ಗಾಡಿ ಕಾಯದಿರಲು ಎಂಜಿನ್ ಆಫ್ ಮಾಡುವುದಕ್ಕಿಂತ ಅಗ್ಗದ ಉಪಾಯವಿಲ್ಲ. ಆದರೆ ಚೀಲ ಹೇರಿದ ಪಿಕಪ್ಪನ್ನು ಈ ಏರುರಸ್ತೆಯಲ್ಲಿ ತಳ್ಳಿ ಸ್ಟಾರ್ಟ್ ಮಾಡುವವರು ಯಾರು? ಬ್ಯಾಟರಿಗೆ ಹಾಕಬೇಕಾದ ದುಡ್ಡು ಹೀಗೆ ಡೀಸೆಲ್ಲಾಗಿ ಉರಿಯುತ್ತದೆ. ಕೊನೆಗೊಂದು ದಿನ ಹೆಡ್ ಗ್ಯಾಸ್ಕೆಟ್ ಆಗಿ ಬಿಲ್ಲಿಗೆ ಬರುತ್ತದೆ.

ಬಾನೆಟ್ ಎತ್ತಿಟ್ಟು, ಎಂಜಿನ್ ನಿಲ್ಲಿಸಿ, ಎಲ್ಲರೂ ಬೀಡಿ ಹಚ್ಚಿದರು. ತಣಿಯಲು ಅರ್ಧ ಗಂಟೆಯಾದರೂ ಬೇಕು. ಆ ಹೊತ್ತಿನಲ್ಲಿ ಭಾಯ್ ಕೇಳಿದ್ದು ಒಂದೇ ಮುಖ್ಯ ಪ್ರಶ್ನೆ: “ಓಡೋವಾಗ ಕಾಯ್ತದಾ, ನಿಂತಾಗ ಕಾಯ್ತದಾ?”

“ಓಡೋವಾಗ ಏನೂ ಇಲ್ಲ. ಮಾಗಡಿಯಿಂದ ಮುಳ್ಳು ಅರ್ಧ ದಾಟಿಲ್ಲ. ಇಲ್ಲಿ ನಿಂತ ಮೇಲೇ.”

“ಹಂಗಾದ್ರೆ ನೀರಿಂದಲ್ಲ. ಗಾಳೀದು.”

ನನಗೆ ಈ ಉತ್ತರ ಬಹಳ ಹಿಡಿಸಿತು. ಬಿಸಿಯಾದ ಗಾಡಿ ಕಂಡರೆ ನಮ್ಮ ಊರಿನಲ್ಲಿ ದಾರಿಹೋಕರೂ ನೀರಿನ ಬಾಟಲಿ ತೆಗೆಯುತ್ತಾರೆ. ನಿಜವಾಗಿ ಡೀಸೆಲ್ ಎಂಜಿನ್ ನ್ಯೂಟ್ರಲ್‌ನಲ್ಲಿ ನಿಂತಾಗ ಉರಿಸುವ ಎಣ್ಣೆ ಬಹಳ ಕಡಿಮೆ, ಹುಟ್ಟುವ ಶಾಖವೂ ಕಡಿಮೆ. ಸರಿಯಾಗಿರುವ ಗಾಡಿಯಲ್ಲಿ ಇಂಥ ಚಳಿಗೆ ಮುಳ್ಳು ಇಳಿಯಬೇಕೇ ಹೊರತು ಏರಬಾರದು. ರೇಡಿಯೇಟರ್ ಒಳಗಿನ ಕೊಳವೆಗಳಲ್ಲಿ ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿದ್ದರೆ, ಅದು ಮೊದಲು ಗೊತ್ತಾಗುವುದು ಭಾರ ಹೊತ್ತು ಏರು ಹತ್ತುವಾಗ. ಓಡುವಾಗ ಎದುರುಗಾಳಿ ರೇಡಿಯೇಟರಿಗೆ ಪುಕ್ಕಟೆಯಾಗಿ ನುಗ್ಗುತ್ತದೆ. ನಿಂತಾಗ ಗಾಳಿ ಎಳೆಯುವ ಹೊಣೆಯೆಲ್ಲ ಫ್ಯಾನಿನದು. ನಿಂತಾಗ ಮಾತ್ರ ಕಾಯುವ ಗಾಡಿಯಲ್ಲಿ ಅನುಮಾನ ಮೊದಲು ಫ್ಯಾನಿನ ಮೇಲೆ, ಆಮೇಲೆ ಅದರ ಎದುರಿಗಿರುವ ಜಾಲರಿಯ ಮೇಲೆ.

ಟಾರ್ಚ್ ಬಿತ್ತು. ಬೆಲ್ಟಿನ ಮಧ್ಯೆ ಹೆಬ್ಬೆರಳು ಒತ್ತಿದರು. ಅರ್ಧ ಅಂಗುಲ ಬಗ್ಗಬೇಕಾದದ್ದು ಅದರ ಎರಡರಷ್ಟು ಬಗ್ಗಿತು. ಸಡಿಲ ಬೆಲ್ಟ್ ಜಾರಿದರೆ ಫ್ಯಾನೂ ನಿಧಾನ, ಅದೇ ಬೆಲ್ಟಿನಿಂದ ತಿರುಗುವ ವಾಟರ್ ಬಾಡಿ, ಅಂದರೆ ನೀರಿನ ಪಂಪೂ ನಿಧಾನ, ಆಲ್ಟರ್ನೇಟರೂ ನಿಧಾನ. ಆ ವೀಕಾದ ಬ್ಯಾಟರಿಗೆ ಒಂದು ಕಾರಣ ಇದೂ ಇರಬಹುದು! ಈ ಗಾಡಿಯ ಫ್ಯಾನ್ ನೇರವಾಗಿ ಕೂತದ್ದು. ಕೆಲವು ಗಾಡಿಗಳಲ್ಲಿ ಫ್ಯಾನಿನ ನಡುವೆ ಸಿಲಿಕೋನ್ ಎಣ್ಣೆಯ ಕ್ಲಚ್ ಇರುತ್ತದೆ. ತಣ್ಣಗೆ ನಿಂತ ಎಂಜಿನ್ನಿನಲ್ಲಿ ಅಂಥ ಫ್ಯಾನನ್ನು ಕೈಯಿಂದ ತಿರುಗಿಸಿದಾಗ ಸ್ವಲ್ಪ ಬಿಗಿ ಸಿಗಬೇಕು. ಬುಗುರಿಯಂತೆ ಸುತ್ತುತ್ತಲೇ ಇದ್ದರೆ ಕ್ಲಚ್ ಹೋಯಿತು ಎಂದರ್ಥ.

ಆಮೇಲೆ ಜಾಲರಿ. ಗ್ರಿಲ್ಲಿಗೆ ಆಯುಧಪೂಜೆಯ ಹಾರದ ಒಣಗಿದ ದಾರ, ನಿಂಬೆಹಣ್ಣು ಮೆಣಸಿನಕಾಯಿ, ಅದರ ಹಿಂದೆ ಬಲಕ್ಕೊಂದು ಎಡಕ್ಕೊಂದು ದೊಡ್ಡ ಎಕ್ಸ್‌ಟ್ರಾ ಲೈಟು. ಲೈಟಿನ ಹಿಂದೆ ರೇಡಿಯೇಟರಿನ ಎಲೆಗಳ ನಡುವೆ ಮಣ್ಣು, ಹುಳು, ಕಡಲೆ ಬಳ್ಳಿಯ ಒಣ ಎಲೆ, ಗೋಣಿಯ ನಾರು. ಹೊಲದಂಚಿಗೆ ಹೋಗಿ ಮಾಲು ತುಂಬುವ ಗಾಡಿಗೆ ಇದು ತಪ್ಪದು. ತೊಳೆಯುವುದೂ ಸುಲಭ, ಆದರೆ ಎಲ್ಲರೂ ಉಲ್ಟಾ ತೊಳೆಯುತ್ತಾರೆ. ಮುಂದಿನಿಂದ ಜೋರು ಪ್ರೆಶರ್ ಬಿಟ್ಟರೆ ಕಸ ಇನ್ನೂ ಒಳಕ್ಕೆ ಕೂರುತ್ತದೆ, ತೆಳು ಎಲೆಗಳು ಮಡಚಿಕೊಳ್ಳುತ್ತವೆ. ಎಂಜಿನ್ ಕಡೆಯಿಂದ ಹೊರಗೆ, ಮೆಲ್ಲಗೆ ನೀರು ಬಿಡಬೇಕು.

“ಫ್ಯಾನ್ ಕವರ್ ಎಲ್ಲಿ?” ಎಂದರು ಭಾಯ್.

ರೇಡಿಯೇಟರಿಗೂ ಫ್ಯಾನಿಗೂ ನಡುವೆ ಇರಬೇಕಾದ ಪ್ಲಾಸ್ಟಿಕ್ ಗೂಡು ಇರಲೇ ಇಲ್ಲ. ಯಾವುದೋ ರಿಪೇರಿಯಲ್ಲಿ ಬಿಚ್ಚಿದ್ದು, ಕೈಗೆ ಅಡ್ಡ ಎಂದು ಮತ್ತೆ ಹಾಕದೆ ಬಿಟ್ಟದ್ದು. ಕವರ್ ಇದ್ದರೆ ಫ್ಯಾನ್ ಎಳೆಯುವ ಗಾಳಿ ಜಾಲರಿಯ ಮೂಲಕವೇ ಬರಬೇಕು. ಇಲ್ಲದಿದ್ದರೆ ಗಾಳಿ ಸುಲಭದ ದಾರಿ ಹುಡುಕುತ್ತದೆ: ಎಂಜಿನ್ನಿನ ಸುತ್ತ ಕಾದ ಗಾಳಿಯನ್ನೇ ಫ್ಯಾನಿನ ರೆಕ್ಕೆಗಳು ಮತ್ತೆ ಮತ್ತೆ ಕಡೆಯುತ್ತಿರುತ್ತವೆ. ಮುಂದಿನ ಗಾಡಿಗೆ ಮೂಗು ತಾಗಿಸಿ ನಿಂತರಂತೂ ಅದರ ಸೈಲೆನ್ಸರ್ ಬಿಸಿಯೂ ಸೇರುತ್ತದೆ. ಒಂದು ಆಳಷ್ಟಾದರೂ ಜಾಗ ಬಿಡಿ ಎಂದರೆ, ಬೆಂಗಳೂರಿನಲ್ಲಿ ಆ ಜಾಗಕ್ಕೆ ಆಟೊ ಬಂದು ನಿಲ್ಲುತ್ತದೆ, ಅದು ಬೇರೆ ಮಾತು.

ಭಾಯ್ ಆಲ್ಟರ್ನೇಟರಿನ ಬೋಲ್ಟ್ ಸಡಿಲಿಸಿ, ಸ್ಕ್ರೂಡ್ರೈವರ್ ಮೀಟಿ ಬೆಲ್ಟ್ ಬಿಗಿ ಮಾಡಿದರು. ಹಾರ, ಮೆಣಸಿನಕಾಯಿ ಕಳಚಿ ಚಾಲಕನ ಕೈಗೆ ಭಕ್ತಿಯಿಂದಲೇ ಕೊಟ್ಟರು. ಈಗ ಕ್ಯಾಪ್ ಮುಟ್ಟಬಹುದಿತ್ತು. ಬಟ್ಟೆ ಹಾಕಿ, ಮೊದಲ ಹಲ್ಲಿನವರೆಗೆ ತಿರುಗಿಸಿ, ಸುಂಯ್ ಎನ್ನುವುದು ನಿಂತ ಮೇಲೆ ಪೂರ್ತಿ ತೆಗೆದರು. ಪಕ್ಕದ ಗಾಡಿಯ ಬ್ಯಾಟರಿಯಿಂದ ಕೇಬಲ್ ಕೊಟ್ಟು ಸ್ಟಾರ್ಟ್ ಮಾಡಿಸಿ, ಎಂಜಿನ್ ತಿರುಗುತ್ತಿರುವಾಗ ನೀರನ್ನು ಸಣ್ಣಗೆ ಹುಯ್ದರು. ಕಾದ ಎಂಜಿನ್ನಿಗೆ ತಣ್ಣೀರು ಒಟ್ಟಿಗೆ ಸುರಿದರೆ ಹೆಡ್ ಸೀಳಬಹುದು. ಬಾಯಲ್ಲಿ ಗುಳ್ಳೆ ಒಂದೇ ಸಮ ಏಳುತ್ತದೆಯೇ ಎಂದು ಬಗ್ಗಿ ನೋಡಿದರು. ಎದ್ದರೆ ಗ್ಯಾಸ್ಕೆಟ್ ಹಾದು ಹೊಗೆ ನೀರಿಗೆ ಬರುತ್ತಿದೆ ಎಂದು. ಏಳಲಿಲ್ಲ.

“ವಾಲ್ ತೆಗ್ದುಬಿಡ್ಲಾ ಭಾಯ್? ಎಲ್ಲಾರೂ ತೆಗೀತಾರೆ.”

“ಬೇಡ.”

ವಾಲ್ ಎಂದರೆ ಥರ್ಮೋಸ್ಟಾಟ್. ಅದನ್ನು ಕಿತ್ತೆಸೆಯುವುದು ನಮ್ಮ ಹೆದ್ದಾರಿಗಳ ಹಳೆಯ ಚಾಳಿ. ಕಿತ್ತರೆ ಎಂಜಿನ್ ಬೇಗ ಬಿಸಿಯೇರದೆ ಎಣ್ಣೆ ಹೆಚ್ಚು ಕುಡಿಯುತ್ತದೆ. ಕೆಲವು ಎಂಜಿನ್ನುಗಳಲ್ಲಿ ನೀರು ರೇಡಿಯೇಟರಿಗೆ ಹೋಗದೆ ಬೈಪಾಸಿನಲ್ಲೇ ಸುತ್ತಿ ಇನ್ನಷ್ಟು ಕಾಯುತ್ತದೆ. ಬದಲಿಗೆ ಭಾಯ್ ಬೇರೆ ಪಾಠ ಹೇಳಿದರು: ಮುಳ್ಳು ಏರತೊಡಗಿದರೆ ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿ, 1200 ಸುತ್ತಿನಷ್ಟು. ಫ್ಯಾನೂ ವಾಟರ್ ಬಾಡಿಯೂ ಎರಡೂ ಚುರುಕಾಗುತ್ತವೆ. ಎರಡು ನಿಮಿಷಕ್ಕೂ ಇಳಿಯದಿದ್ದರೆ ಸೆಲ್ಫಿನ ಚಿಂತೆ ಬಿಟ್ಟು ಆಫ್ ಮಾಡು. ನಾಳೆ ಖಾಲಿ ಮಾಡಿಕೊಂಡು ಹೋಗುವಾಗ ಜೆ.ಸಿ. ರಸ್ತೆಯಲ್ಲಿ ಕವರ್, ಕ್ಯಾಪ್, ಕೂಲೆಂಟ್ ತಗೊ. ಬೋರ್ ನೀರು ಇನ್ನು ಸಾಕು.

ಚಾಲಕ ಅಲ್ಲೇ ನಿಂತು ಓನರಿಗೆ ಫೋನ್ ಹಚ್ಚಿದ. ಸ್ಪೀಕರ್ ಆನ್ ಇತ್ತು, ಹಾಗಾಗಿ ಸುತ್ತಲಿದ್ದ ನಾವೆಲ್ಲ ಕೇಳಿದೆವು.

“ಫ್ಯಾನ್ ಕವರಾ? ಅದಿಲ್ದೆ ಇಷ್ಟು ವರ್ಷ ಓಡ್ತಿರ್ಲಿಲ್ವಾ ಗಾಡಿ?”

“ಓಡ್ತಿತ್ತು ಸಾರ್. ನಿಲ್ತಿರ್ಲಿಲ್ಲ.”

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ಹಳೇದು ಸಿಗ್ತದಾ ಕೇಳು, ಎಂದರು ಓನರ್. ಭಾಯ್ ಸ್ಕೂಟರ್ ಒದೆಯುತ್ತ, ಸಿಗುತ್ತದೆ ಎಂದು ತಲೆಯಾಡಿಸಿದರು.