ಗಡಿಯಾರ ಶುರುವಾಗುವುದು ಹುಬ್ಬಳ್ಳಿಯಲ್ಲಿ

ಮುಷ್ಟಿಗಾತ್ರದ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ದಬ್ಬುತ್ತದೆ. ದಿನಕ್ಕೆ 7,200 ಲೀಟರ್, ಒಂದು ಲಕ್ಷ ಬಡಿತ. ಟ್ರ್ಯಾಕ್ಟರ್ ಎಳೆದು ತರುವ ನೀರಿನ ಟ್ಯಾಂಕರಿನಲ್ಲೂ ಅಷ್ಟು ಹಿಡಿಯುವುದು ಕಷ್ಟ. ಹೃದಯದ ಎಡಭಾಗ ಸೋತರೆ ಒತ್ತಡ ಹಿಂದಕ್ಕೆ ತಿರುಗಿ, ಶ್ವಾಸಕೋಶದ ಕೋಟಿಗಟ್ಟಲೆ ಗಾಳಿಚೀಲಗಳಿಗೆ ನೀರು ಜಿನುಗುತ್ತದೆ. ಮಲಗಿದ್ದವರು ನಡುರಾತ್ರಿ ಎದ್ದು ಕೂತು ಉಸಿರಿಗೆ ಒದ್ದಾಡುತ್ತಾರೆ. ಮನೆಯವರು ದಮ್ಮು ಹತ್ತಿದೆ ಎಂದು 108ಕ್ಕೆ ಫೋನ್ ಮಾಡುತ್ತಾರೆ.

ಹೀಗೆ ಹೃದಯ ಸೋತು ದಾಖಲಾದ 10,851 ಮಂದಿಯನ್ನು ಭಾರತದ ರಾಷ್ಟ್ರೀಯ ಹೃದಯ ವೈಫಲ್ಯ ನೋಂದಣಿ 53 ಆಸ್ಪತ್ರೆಗಳಲ್ಲಿ ಹಿಂಬಾಲಿಸಿತು. 90 ದಿನಗಳೊಳಗೆ ತೀರಿಕೊಂಡವರು ಶೇ 14.2. ಅಂದರೆ ಏಳು ಮಂದಿಯಲ್ಲಿ ಒಬ್ಬರು. ದಾಖಲಾದವರ ಸರಾಸರಿ ವಯಸ್ಸು 60 ಕೂಡ ದಾಟಿರಲಿಲ್ಲ.

ಮೊದಲ ಗಂಟೆಯ ಲೆಕ್ಕ ಇನ್ನೂ ಬೆರಗಿನದು. ಮೈಯೊಳಗಿನ ನೀರು ಇಳಿಸುವ ಲಾಸಿಕ್ಸ್ ತೀರಾ ಅಗ್ಗದ ಇಂಜೆಕ್ಷನ್, ತಾಲ್ಲೂಕು ಆಸ್ಪತ್ರೆಯಲ್ಲೂ ಕೊಡಬಹುದಾದದ್ದು. 2017ರಲ್ಲಿ ಜಪಾನಿನ ವೈದ್ಯರು 1,291 ರೋಗಿಗಳ ಅಧ್ಯಯನ ಪ್ರಕಟಿಸಿದರು: ಆಸ್ಪತ್ರೆಗೆ ಬಂದ 60 ನಿಮಿಷದೊಳಗೆ ಇದು ಸಿಕ್ಕವರಲ್ಲಿ ಸತ್ತವರು ಶೇ 2.3, ತಡವಾದವರಲ್ಲಿ ಶೇ 6. ಮರುವರ್ಷವೇ ಕೊರಿಯಾದಿಂದ 2,761 ರೋಗಿಗಳ ಲೆಕ್ಕ ಬಂತು. ಅಲ್ಲಿ ಬೇಗ ಸಿಕ್ಕವರಲ್ಲಿ ಶೇ 5, ತಡವಾದವರಲ್ಲಿ ಶೇ 5.1. ಔಷಧ ಅದೇ, ಗಡುವೂ ಅದೇ, ಉತ್ತರ ಮಾತ್ರ ಬೇರೆ! ಯಾರನ್ನು ಸೇರಿಸಿಕೊಂಡರು, ಯಾರನ್ನು ಬಿಟ್ಟರು, ಉಸಿರಾಟ ಎಷ್ಟು ಹದಗೆಟ್ಟಿತ್ತು ಎಂಬುದನ್ನು ಬಿಡಿಬಿಡಿಯಾಗಿ ಬರೆದಿದ್ದರೆ ಮಾತ್ರ ಇಂಥ ಎರಡು ಅಧ್ಯಯನಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು.

ಎರಡರಲ್ಲೂ ಗಡಿಯಾರ ಓಡತೊಡಗಿದ್ದು ರೋಗಿ ಆ ಆಸ್ಪತ್ರೆಯ ಬಾಗಿಲಿಗೆ ಬಂದಾಗ. ನನ್ನನ್ನು ಕಾಡುವುದು ಇದೇ. ಹಾವೇರಿ ಜಿಲ್ಲೆಯನ್ನೇ ನೋಡಿ: ಜನಸಂಖ್ಯೆ 2011ರಲ್ಲೇ 15,97,668. ಶಿಗ್ಗಾಂವಿಯಿಂದ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಸುಮಾರು 50 ಕಿಲೋಮೀಟರ್, ಹೆದ್ದಾರಿ ಇದೆ. ಸವಣೂರು, ಹಾನಗಲ್ಲಿನವರಿಗೆ ಅದಕ್ಕಿಂತ ದೂರ. ಹಿರೇಕೆರೂರಿನವರಿಗೆ ನೂರಕ್ಕೂ ಮೇಲೆ. ಹಾನಗಲ್ಲಿನ ಆಸ್ಪತ್ರೆಯಲ್ಲಿ ಆಮ್ಲಜನಕ, ಒಂದು ಇಂಜೆಕ್ಷನ್ ಪಡೆದು, ರೆಫರ್ ಚೀಟಿ ಹಿಡಿದು ಹೊರಟವರು ಹುಬ್ಬಳ್ಳಿ ಮುಟ್ಟಿದಾಗ ಅವರ ಗಡಿಯಾರ ಮತ್ತೆ ಸೊನ್ನೆಗೆ ಬರುತ್ತದೆ. ಮೂರು ತಾಸು ಉಸಿರಿಗಾಗಿ ಹೋರಾಡಿದವರೂ ಲೆಕ್ಕದಲ್ಲಿ ಈಗಷ್ಟೇ ಬಂದವರು. ದಾರಿಯಲ್ಲೇ ಜೀವ ಬಿಟ್ಟವರು ಆ ಲೆಕ್ಕಕ್ಕೇ ಸಿಗುವುದಿಲ್ಲ. ಶೇಕಡಾವಾರು ಅಷ್ಟರಮಟ್ಟಿಗೆ ಚೆಂದ ಕಾಣುತ್ತದೆ.

ಇಂಥ ವೀಕ್ಷಣಾ ಅಧ್ಯಯನಗಳನ್ನು ಹೇಗೆ ವರದಿ ಮಾಡಬೇಕೆಂದು 2007ರಲ್ಲಿ ಪ್ರಕಟವಾದ ಸ್ಟ್ರೋಬ್ ಪಟ್ಟಿಯಲ್ಲಿ 22 ಅಂಶಗಳಿವೆ. ಎಲ್ಲ ರೋಗಗಳಿಗೂ ಸಲ್ಲುವ ಪಟ್ಟಿ ಅದು. ಹಾನಗಲ್ಲಿನ ಮೊದಲ ಇಂಜೆಕ್ಷನ್ನಿನ ಹೊತ್ತನ್ನು ಹೆಸರು ಹಿಡಿದು ಕೇಳುವುದಿಲ್ಲ. ನಾವು ಕೇಳಬೇಕು. ಉಸಿರು ಕಟ್ಟಿದ್ದು ಎಷ್ಟು ಗಂಟೆಗೆ, 108 ಬಂದದ್ದು ಯಾವಾಗ, ತಾಲ್ಲೂಕು ಆಸ್ಪತ್ರೆ ಮುಟ್ಟಿದ್ದು, ಮೊದಲ ಲಾಸಿಕ್ಸ್ ಕೊಟ್ಟದ್ದು, ಅಲ್ಲಿಂದ ಹೊರಟದ್ದು ಯಾವಾಗ: ರೆಫರ್ ಚೀಟಿಯ ಮೇಲೆ ಐದು ಸಮಯಗಳು. ಅವನ್ನು ಬರೆಯಲು ಅರ್ಧ ನಿಮಿಷ ಸಾಕು. ಹಾವೇರಿಯಲ್ಲೇ ಈಗ ಸರಕಾರಿ ವೈದ್ಯಕೀಯ ಕಾಲೇಜಿದೆ. ಆ ಚೀಟಿಗಳನ್ನು ಕೂಡಿಸಿಟ್ಟು ಮೊದಲ ಪ್ರಬಂಧ ಬರೆಯಲು ಅದಕ್ಕಿಂತ ಹತ್ತಿರದವರು ಬೇರೆ ಯಾರೂ ಇಲ್ಲ.