ಸಿಕ್ಕಿದ್ದೆಲ್ಲ ಕಲಿತದ್ದಲ್ಲ



ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟರೆ ನಮ್ಮ ಮಕ್ಕಳು ಗ್ರಂಥಾಲಯಕ್ಕೆ ಹೋಗುತ್ತಿದ್ದರು. ಇಲ್ಲವೇ ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟೆಂದು ಹಣ ಕೊಟ್ಟು ಹುಡುಕುತ್ತಿದ್ದರು. ಇಂದು ಮನೆಯ ಮೊಬೈಲೇ ಸಾಕು. ಕ್ಷಣದಲ್ಲಿ ನಾಲ್ಕು ಪುಟ ಸಿದ್ಧ, ಬಣ್ಣದ ಚಿತ್ರಗಳೂ ಸಿದ್ಧ. ಆದರೆ ಆ ಪುಟಗಳಲ್ಲಿ ಏನಿದೆ ಎಂದು ಮಗುವನ್ನು ಕೇಳಿ ನೋಡಿ. ಅನೇಕ ವೇಳೆ ಅದು ತಲೆ ತಗ್ಗಿಸುತ್ತದೆ. ಹಾಗಾದರೆ ಅಂತರ್ಜಾಲ ನಮ್ಮ ಮಕ್ಕಳಿಗೆ ಕೊಟ್ಟದ್ದೇನು, ಅವರಿಂದ ಕಸಿದುಕೊಂಡದ್ದೇನು?

ಕೊಟ್ಟದ್ದನ್ನು ಮೊದಲು ಕೃತಜ್ಞತೆಯಿಂದ ನೆನೆಯೋಣ. ಹಿಂದೆ ಪಿಎಚ್.ಡಿ. ಪ್ರಬಂಧವೆಂದರೆ ವಿಶ್ವವಿದ್ಯಾಲಯದ ಕಪಾಟಿನಲ್ಲಿ ಧೂಳು ಹಿಡಿಯುವ ವಸ್ತು. ಪ್ರಬಂಧಗಳ ಗಣಕಪ್ರತಿಯನ್ನೂ ಒಪ್ಪಿಸಬೇಕೆಂದು ಯುಜಿಸಿ 2009ರಲ್ಲಿ ನಿಯಮ ಮಾಡಿತು. ಇಂದು ‘ಶೋಧಗಂಗಾ’ ಎಂಬ ಭಂಡಾರದಲ್ಲಿ ಅವುಗಳನ್ನು ಹಳ್ಳಿಯ ವಿದ್ಯಾರ್ಥಿಯೂ ಮನೆಯಲ್ಲೇ ಕುಳಿತು ಓದಬಹುದು. 2017ರಲ್ಲಿ ಆರಂಭವಾದ ‘ಸ್ವಯಂ’ ತಾಣದಲ್ಲಿ ದೊಡ್ಡ ಸಂಸ್ಥೆಗಳ ಪ್ರಾಧ್ಯಾಪಕರ ಪಾಠಗಳನ್ನು ಶುಲ್ಕವಿಲ್ಲದೆ ಕೇಳಬಹುದು. ಬಡವರ ಮನೆಯ ಮಗುವಿಗೆ ಇದು ಸಣ್ಣ ಕೊಡುಗೆಯಲ್ಲ.

ಇನ್ನೊಂದು ಉದಾಹರಣೆ ನೋಡೋಣ. 2019ರಲ್ಲಿ ‘ಅಲರ್’ ಎಂಬ ಕನ್ನಡ–ಇಂಗ್ಲಿಷ್ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿ ತೆರೆದುಕೊಂಡಿತು. ಅದರಲ್ಲಿ ಒಂದೂವರೆ ಲಕ್ಷದಷ್ಟು ಪದಗಳಿವೆ. ಯಾವ ಪದ ಬೇಕಾದರೂ ಒಂದು ಕ್ಷಣದಲ್ಲಿ ಸಿಗುತ್ತದೆ. ಆದರೆ ಆ ಒಂದು ಕ್ಷಣದ ಹಿಂದೆ ಅದನ್ನು ರಚಿಸಿದ ವಿ. ಕೃಷ್ಣ ಅವರ ಹಲವು ದಶಕಗಳ ದುಡಿಮೆ ಇದೆ. ಹುಡುಕುವುದು ಸುಲಭವಾಗಿದೆ; ಕಟ್ಟುವುದು ಸುಲಭವಾಗಿಲ್ಲ. ನಮ್ಮ ಮಕ್ಕಳು ಮರೆಯುತ್ತಿರುವುದು ಇದನ್ನೇ.

ಇನ್ನೊಬ್ಬರ ದುಡಿಮೆಯನ್ನು ನಮ್ಮದೆಂದು ಬರೆದುಕೊಂಡರೆ ಅದು ಕಳವಲ್ಲದೆ ಮತ್ತೇನು? ಇದನ್ನು ತಡೆಯಲೆಂದೇ ಯುಜಿಸಿ 2018ರಲ್ಲಿ ನಿಯಮ ತಂದಿತು. ಪ್ರಬಂಧದಲ್ಲಿ ಶೇ. 10ಕ್ಕಿಂತ ಹೆಚ್ಚು ನಕಲಿದ್ದರೆ ತಿದ್ದಿ ಮತ್ತೆ ಒಪ್ಪಿಸಬೇಕು, ಶೇ. 60 ದಾಟಿದರೆ ನೋಂದಣಿಯೇ ರದ್ದು. ಆದರೆ ಈ ಅಭ್ಯಾಸ ಪಿಎಚ್.ಡಿ.ಯಲ್ಲಿ ಹುಟ್ಟುವುದಿಲ್ಲ. ಐದನೆಯ ತರಗತಿಯ ಪ್ರಾಜೆಕ್ಟಿನಲ್ಲಿ, ಹೆತ್ತವರ ಕಣ್ಣೆದುರಿಗೇ ಹುಟ್ಟುತ್ತದೆ.

2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಅಪಾಯ ಇನ್ನೊಂದು ಬಗೆಯದು. ಕೇಳಿದ್ದಕ್ಕೆ ಅದು ಸೊಗಸಾದ ಉತ್ತರ ಕೊಡುತ್ತದೆ. ಕೆಲವೊಮ್ಮೆ ಇಲ್ಲದ ಪುಸ್ತಕವನ್ನೂ ಇದೆಯೆಂದು ಹೇಳಿಬಿಡುತ್ತದೆ. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ವಕೀಲರು ಅದನ್ನು ನಂಬಿ, ಎಂದೂ ನಡೆಯದ ಮೊಕದ್ದಮೆಗಳನ್ನು ನ್ಯಾಯಾಲಯದ ಮುಂದಿಟ್ಟು, 5,000 ಡಾಲರ್ ದಂಡಕ್ಕೆ ಗುರಿಯಾದರು. ಕಲಿತ ವಕೀಲರೇ ಎಡವಿದ ಮೇಲೆ ನಮ್ಮ ಮಕ್ಕಳ ಪಾಡೇನು?

ಹಾಗೆಂದು ಮೊಬೈಲ್ ಕಸಿದು ಬೀಗ ಹಾಕಿದರೆ ಕೆಲಸವಾಗದು. ಮಗು ಪ್ರಾಜೆಕ್ಟ್ ಮುಗಿಸಿದ ದಿನ ಅದರ ಪಕ್ಕದಲ್ಲಿ ಕುಳಿತು ಮೂರು ಪ್ರಶ್ನೆ ಕೇಳೋಣ. ಇದು ಎಲ್ಲಿ ಸಿಕ್ಕಿತು? ಬರೆದವರು ಯಾರು? ಪುಸ್ತಕ ಮುಚ್ಚಿ ನಿನ್ನ ಮಾತಿನಲ್ಲಿ ಹೇಳು ನೋಡೋಣ? ಇದಕ್ಕೆ ನಾವು ಇಂಗ್ಲಿಷ್ ಕಲಿತಿರಬೇಕಾಗಿಲ್ಲ, ಗಣಕಯಂತ್ರವೂ ತಿಳಿದಿರಬೇಕಾಗಿಲ್ಲ. ಕೇಳುವ ಕಿವಿ, ಹತ್ತು ನಿಮಿಷದ ಬಿಡುವು ಸಾಕು.

ಮಗು ತಡವರಿಸಿದರೆ ಬೈಯದಿರೋಣ. ಇನ್ನೊಮ್ಮೆ ಓದಲು ಹೇಳೋಣ. ತನ್ನದೇ ಮಾತಿನಲ್ಲಿ ಬರೆದ ಅರ್ಧ ಪುಟ, ನಕಲಿನ ಹತ್ತು ಪುಟಕ್ಕಿಂತ ಮೇಲು. ಅಂಕ ಎರಡು ಕಡಿಮೆ ಬಂದರೂ ಬರಲಿ. ಆ ಅರ್ಧ ಪುಟವನ್ನು ಮಗುವಿನಿಂದ ಯಾರೂ ಕಸಿದುಕೊಳ್ಳಲಾರರು.