ಲೆಕ್ಕ ಶುರುವಾಗುವುದು ಎಲ್ಲಿಂದ?

ವಿಜ್ಞಾನದ ಸುದ್ದಿಯಲ್ಲಿ ದೊಡ್ಡ ಅಂಕಿ ಕಂಡಾಗ ಮೊದಲು ಕೇಳಬೇಕಾದದ್ದು, ಲೆಕ್ಕ ಎಲ್ಲಿಂದ ಶುರುವಾಯಿತು ಎಂದು. 2022ರ ಡಿಸೆಂಬರ್ 5ರಂದು ಕ್ಯಾಲಿಫೋರ್ನಿಯಾದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ 192 ಲೇಸರ್ ಕಿರಣಗಳ ಬಲದಿಂದ ಪುಟ್ಟ ಗುಳಿಗೆಯೊಳಗಿನ ಹೈಡ್ರೋಜನ್ ಇಂಧನವನ್ನು ಹಿಂಡಿ, ಪರಮಾಣು ಬೀಜಗಳನ್ನು ಬೆಸೆಯಲಾಯಿತು. ಗುರಿಗೆ ತಲುಪಿದ್ದು 2.05 ಮೆಗಾಜೌಲ್, ಹೊರಬಂದದ್ದು 3.15. ಇನ್ನು ವಿದ್ಯುತ್ತಿಗೆ ಬರವಿಲ್ಲ ಎಂಬ ಸಂಭ್ರಮ ಹರಡಿತು. ಆದರೆ ಆ ಲೇಸರ್‌ಗಳಿಗಾಗಿ ಗ್ರಿಡ್‌ನಿಂದ ಎಳೆದದ್ದು ಸುಮಾರು 300 ಮೆಗಾಜೌಲ್. ಮನೆಯ ಮೀಟರಿನ ಭಾಷೆಯಲ್ಲಿ ಹೇಳುವುದಾದರೆ, 80ಕ್ಕೂ ಹೆಚ್ಚು ಯೂನಿಟ್ ಸುರಿದು ಒಂದು ಯೂನಿಟ್ಟಿಗೂ ಕಡಿಮೆ ಪಡೆದಂತೆ. ಅದೂ ವಿದ್ಯುತ್ತಾಗಿ ಅಲ್ಲ.

ಹಾಗಾದರೆ ಇದೆಲ್ಲ ಬರೀ ಡಂಗುರವೇ? ಅಲ್ಲ. ಆ ಯಂತ್ರ ಕಟ್ಟಿದ್ದು ವಿದ್ಯುತ್ ಮಾರಲಿಕ್ಕಲ್ಲ; ಅದರ ಮುಖ್ಯ ಕೆಲಸ ಅಣ್ವಸ್ತ್ರಗಳ ಭೌತಶಾಸ್ತ್ರವನ್ನು ಅರಿಯುವುದು. ಇಂಧನ ತಾನೇ ಹೊತ್ತಿಕೊಳ್ಳಬಲ್ಲದೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು. 2023ರ ಜುಲೈನಲ್ಲಿ 3.88 ಮೆಗಾಜೌಲ್ ಬಂದು, ಮೊದಲನೆಯದು ಆಕಸ್ಮಿಕವಲ್ಲವೆಂದೂ ಖಚಿತವಾಯಿತು. ಇಷ್ಟೆಲ್ಲ ಲೆಕ್ಕ ಕೇಳಿದರೆ ಜನರ ಉತ್ಸಾಹ ಕುಗ್ಗದೇ ಎನ್ನಬಹುದು. ನಿಜಕ್ಕೂ ಉತ್ಸಾಹ ಕೊಲ್ಲುವುದು ಉಬ್ಬಿಸಿದ ನಿರೀಕ್ಷೆ ಒಡೆದಾಗ ಹುಟ್ಟುವ ಅಪನಂಬಿಕೆ. ಕಿಡಿ ಹೊತ್ತಿದ್ದು ನಿಜ. ಆ ಒಲೆಯಲ್ಲಿ ಅನ್ನ ಬೇಯಲು ಇನ್ನೂ ಕಾಲವಿದೆ.